ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲವೇ? ಹಳೆಯ ಆಟೋಮ್ಯಾಟಿಕ್ ಕಾರಿನ ಸ್ಪೀಡ್ ಸೆನ್ಸರ್ ನೀವೇ ಬದಲಿಸುವ ಬಗೆ

ಕಾರು ಓಡುತ್ತಿದೆ, ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆಯಲ್ಲೇ ಕೂತಿದೆ. ಗೇರ್ ಬದಲಾಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್. ಗ್ಯಾರೇಜಿಗೆ ಹೋದರೆ "ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು" ಅಂತಾರೆ. ಇಳಿಸಬೇಕಾ? ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಓದುಗರು ಈ ಪ್ರಶ್ನೆ ಎಷ್ಟು ಸಲ ಕೇಳಿದ್ದಾರೆ ಅಂದರೆ, ಒಬ್ಬೊಬ್ಬರಿಗೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ಗೇರ್‌ಬಾಕ್ಸ್ ಇಳಿಸುವ ಮಾತು ಆಮೇಲೆ. ಮೊದಲು ಅದರ ಮೇಲೆ ಕೂತಿರುವ, ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ತುಂಡನ್ನು, ಅಂದರೆ ಸ್ಪೀಡ್ ಸೆನ್ಸರನ್ನು ನೋಡಿ. ಬಿಚ್ಚಿ ಹಾಕೋದು ಅರ್ಧ ಗಂಟೆಯ ಕೆಲಸ. ತಪ್ಪು ಅದರದ್ದೇನಾ ಅಂತ ಖಚಿತ ಮಾಡಿಕೊಳ್ಳೋದಕ್ಕೇ ಜಾಸ್ತಿ ಹೊತ್ತು ಬೇಕು. ಅದಕ್ಕೇ ಈ ಲೇಖನದಲ್ಲೂ ಅದಕ್ಕೇ ಜಾಸ್ತಿ ಜಾಗ.

ಇಲ್ಲಿ ಹೇಳುವುದು ಹಳೆಯ ಸ್ಯಾಂಟ್ರೋ, ಐ10, ಎ-ಸ್ಟಾರ್, ಸಿಟಿ, ಕೊರೊಲಾದಂಥ ಕಾರುಗಳಲ್ಲಿ ಬಂದ ನಿಜವಾದ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ. ಇವೆಲ್ಲ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳು. ಎಎಂಟಿ ಕಾರುಗಳದ್ದು ಬೇರೆ ಕಥೆ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮೋಟಾರು ಮಾಡುತ್ತದೆ, ಅಷ್ಟೆ.

ಈ ಸೆನ್ಸರ್ ಮಾಡುವ ಕೆಲಸ ಏನು?

ಎಣಿಸೋದು. ಗೇರ್‌ಬಾಕ್ಸಿನೊಳಗೆ ಹಲ್ಲಿನ ಚಕ್ರವೊಂದು ತಿರುಗುತ್ತಿರುತ್ತದೆ. ಒಂದೊಂದು ಹಲ್ಲು ಮುಂದೆ ಹಾದುಹೋದಾಗಲೂ ಸೆನ್ಸರ್ ಒಂದು ಮಿಡಿತ ಕಳಿಸುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರು ಆ ಮಿಡಿತ ನೋಡಿಕೊಂಡು "ಈಗ ಎರಡರಿಂದ ಮೂರಕ್ಕೆ ಹೋಗೋಣ" ಅಂತ ತೀರ್ಮಾನಿಸುತ್ತದೆ. ಎಣಿಕೆ ನಿಂತರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ಆಗ ಅದು ಲಿಂಪ್ ಮೋಡ್‌ಗೆ ಹೋಗುತ್ತದೆ, ಅಂದರೆ ಕುಂಟಿಕೊಂಡಾದರೂ ಮನೆ ಸೇರಲಿ ಅಂತ ಒಂದೇ ಗೇರಿನಲ್ಲಿ ಓಡಿಸುತ್ತದೆ. 4 ಸ್ಪೀಡಿನ ಎಷ್ಟೋ ಗೇರ್‌ಬಾಕ್ಸುಗಳು ಮೂರನೇ ಗೇರಿನಲ್ಲಿ ನಿಂತುಬಿಡುತ್ತವೆ. ಸಿಗ್ನಲ್ಲಿನಿಂದ ಹೊರಡುವಾಗ ಕಾರು ಎತ್ತಿನ ಗಾಡಿಯ ಹಾಗೆ ಎಳೆಯೋದು ಅದಕ್ಕೇ.

ಒಂದು ಗೊಂದಲ ಈಗಲೇ ಬಿಡಿಸಿಕೊಳ್ಳಿ. "ಸ್ಪೀಡ್ ಸೆನ್ಸರ್" ಅನ್ನುವ ಹೆಸರಿನಲ್ಲಿ ಒಂದೇ ಕಾರಿನಲ್ಲಿ ಮೂರ್ನಾಲ್ಕು ಇರಬಹುದು. ಗೇರ್‌ಬಾಕ್ಸಿನ ಒಳಬರುವ ವೇಗ ಅಳೆಯುವ ಇನ್‌ಪುಟ್ ಸೆನ್ಸರ್. ಹೊರಹೋಗುವ ವೇಗ ಅಳೆಯುವ ಔಟ್‌ಪುಟ್ ಸೆನ್ಸರ್. ಮೀಟರಿಗೆ ಸಂಕೇತ ಕೊಡುವ ವೆಹಿಕಲ್ ಸ್ಪೀಡ್ ಸೆನ್ಸರ್. ಚಕ್ರದ ಹತ್ತಿರ ಕೂರುವ ಎಬಿಎಸ್ ಸೆನ್ಸರ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆಯದ್ದು. ಕೆಲವು ಕಾರುಗಳಲ್ಲಿ ಮೀಟರಿನ ಲೆಕ್ಕವೂ ಎಬಿಎಸ್‌ನಿಂದಲೇ ಬರುತ್ತದೆ. ಮುಳ್ಳು ಬಿದ್ದಾಗ ಎಬಿಎಸ್ ದೀಪವೂ ಹತ್ತಿದ್ದರೆ ಗೇರ್‌ಬಾಕ್ಸಿಗೆ ಕೈ ಹಾಕುವ ಮುಂಚೆ ಚಕ್ರದ ಕಡೆ ನೋಡಿ.

ಬೇಕಾಗುವ ಸಾಮಾನು

10 ನಂಬರಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್, ಒಂದು ಉದ್ದದ ಎಕ್ಸ್‌ಟೆನ್ಷನ್, ಮಲ್ಟಿಮೀಟರ್, ಟಾರ್ಚು, ಜಾಕ್, ಗಟ್ಟಿ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಒಡ್ಡಲು ಎರಡು ದಪ್ಪ ಕಲ್ಲು. ತುಕ್ಕು ಬಿಡಿಸುವ ಸ್ಪ್ರೇ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್, ಹಳೆಯ ಹಲ್ಲುಜ್ಜುವ ಬ್ರಷ್, ವೇಸ್ಟ್ ಬಟ್ಟೆ. ಇವುಗಳ ಜೊತೆಗೆ ಹೊಸ ಓ-ರಿಂಗ್, ಅಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ. ಕೊನೆಗೆ ಅರ್ಧ ಲೀಟರ್‌ನಷ್ಟು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ.

ಎಟಿಎಫ್ ವಿಷಯದಲ್ಲಿ "ಕೆಂಪಗಿದ್ದರೆ ಸಾಕು, ಎಲ್ಲ ಒಂದೇ" ಅನ್ನುವವರ ಮಾತು ಕೇಳಬೇಡಿ. ಹುಂಡೈನ ಹಳೆಯ 4 ಸ್ಪೀಡ್‌ಗಳಿಗೆ ಎಸ್‌ಪಿ-3. ಹೋಂಡಾಕ್ಕೆ ಮೊದಲು ಝಡ್-1 ಇತ್ತು, ಈಗ ಅದರ ಜಾಗದಲ್ಲಿ ಡಿಡಬ್ಲ್ಯು-1. ಹಂತದ ಗೇರುಗಳಿಲ್ಲದೆ ಬೆಲ್ಟಿನ ಮೇಲೆ ಓಡುವ ಸಿವಿಟಿ ಗೇರ್‌ಬಾಕ್ಸಾದರೆ ಅದಕ್ಕೆಂದೇ ಇರುವ ಬೇರೆ ಎಣ್ಣೆ. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಬರೆದದ್ದನ್ನೇ ತನ್ನಿ.

ಸೆನ್ಸರನ್ನು ಮಾತ್ರ ಈಗಲೇ ಕೊಳ್ಳಬೇಡಿ.

ಹಂತ 1: ತಪ್ಪು ಯಾರದ್ದು ಅಂತ ಪತ್ತೆ ಮಾಡಿ

ಮೊದಲು ಫ್ಯೂಸ್ ನೋಡಿ. ನಗಬೇಡಿ, ಎಷ್ಟೋ ಕಾರುಗಳಲ್ಲಿ ಮೀಟರಿಗೂ ಸೆನ್ಸರಿಗೂ ಒಂದೇ ಫ್ಯೂಸಿನಿಂದ ಕರೆಂಟು ಹೋಗುತ್ತದೆ.

ಆಮೇಲೆ ವೈರು. ನಮ್ಮ ಊರಿನಲ್ಲಿ ಇದನ್ನು ಎರಡನೇ ಹೆಜ್ಜೆಯಾಗಿಯೇ ಇಟ್ಟುಕೊಳ್ಳಿ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಮೆಕ್ಕೆಜೋಳದ ಗೋದಾಮಿನ ಆಸುಪಾಸು ಕಾರು ನಿಲ್ಲಿಸುವವರಿಗೆ ಇಲಿ ಕಾಟ ಹೇಳಿಕೊಡಬೇಕಾಗಿಲ್ಲ. ನನ್ನ ಹಳೆಯ ಕಾರಿನ ಮುಳ್ಳು ಬಿದ್ದಾಗ ನಾನೂ ಸೀದಾ ಸೆನ್ಸರ್ ತರಿಸಿ ಹಾಕಿದೆ. ಏನೂ ಬದಲಾಗಲಿಲ್ಲ. ಟಾರ್ಚು ಹಿಡಿದು ನೋಡಿದರೆ, ಸೆನ್ಸರಿನಿಂದ ಒಂದು ಗೇಣು ದೂರದಲ್ಲಿ ವೈರು ಕಚ್ಚಿಹೋಗಿತ್ತು. ಹಾಗಾಗಿ ಕಪ್ಲರಿನಿಂದ ಹಿಂದಕ್ಕೆ ಕೈಗೆ ಸಿಗುವಷ್ಟು ದೂರ ವೈರನ್ನು ಬೆರಳಿನಿಂದ ಸವರುತ್ತಾ ಹೋಗಿ. ಕಪ್ಲರ್ ಅಂದರೆ ವೈರು ಸೆನ್ಸರಿಗೆ ಸೇರುವ ಪ್ಲಾಸ್ಟಿಕ್ ಪ್ಲಗ್. ಅದನ್ನು ಬಿಚ್ಚಿ ಒಳಗಿನ ಪಿನ್ನುಗಳನ್ನೂ ನೋಡಿ. ಹಸಿರು ಪಾಚಿಯಂಥದ್ದು ಹಿಡಿದಿದ್ದರೆ ತುಕ್ಕು. ಎಣ್ಣೆ ತುಂಬಿದ್ದರೆ ಸೆನ್ಸರ್ ಒಳಗಿನಿಂದಲೇ ಸೋರುತ್ತಿದೆ ಅಂತ ಲೆಕ್ಕ, ಅದನ್ನು ಬದಲಿಸಲೇಬೇಕು.

ಮೂರನೆಯದು ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರು ಬರೆದಿಟ್ಟ ದೋಷದ ಕೋಡು ಓದುವ ಸಾಧನ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಫೋನಿನಲ್ಲಿ ಓದಬಹುದು. ಆದರೆ ನಮ್ಮ ದೇಶದಲ್ಲಿ ಒಬಿಡಿ-2 ಅನ್ನುವ ತಪಾಸಣಾ ವ್ಯವಸ್ಥೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿನಲ್ಲಿ ಸಾಕೆಟ್ ಇದ್ದರೂ ಅಗ್ಗದ ಡಾಂಗಲ್ಲಿಗೆ ಅದರ ಭಾಷೆ ಅರ್ಥವಾಗದೆ ಹೋಗಬಹುದು. ಆಗ ದೊಡ್ಡ ಸ್ಕ್ಯಾನರ್ ಇರುವ ಕಾರ್ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಓದಿಸೋದಕ್ಕೆ ಕೊಡುವ ದುಡ್ಡು ದಂಡವಲ್ಲ.

ಕೋಡು ಪಿ0500 ಅಥವಾ ಪಿ0501 ಬಂದರೆ ವೆಹಿಕಲ್ ಸ್ಪೀಡ್ ಸೆನ್ಸರಿನ ದೂರು. ಪಿ0720, ಪಿ0722 ಔಟ್‌ಪುಟ್ ಸೆನ್ಸರಿನದ್ದು. ಪಿ0715, ಪಿ0717 ಇನ್‌ಪುಟ್ ಸೆನ್ಸರಿನದ್ದು. ಒಂದು ಮಾತು ನೆನಪಿಡಿ: ಕೋಡು ಹೇಳೋದು "ಈ ದಾರಿಯಲ್ಲಿ ಸಂಕೇತ ಬರುತ್ತಿಲ್ಲ" ಅಂತ ಮಾತ್ರ. "ಸೆನ್ಸರ್ ಸತ್ತಿದೆ" ಅಂತ ಅದು ಹೇಳೋದಿಲ್ಲ. ಇಲಿ ಕಡಿದ ವೈರಿಗೂ ಅದೇ ಕೋಡು ಬರುತ್ತದೆ.

ಡಾಂಗಲ್ ಕೆಲಸ ಮಾಡಿದರೆ ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನಿಧಾನಕ್ಕೆ ಓಡಿಸಿ, ಲೈವ್ ಡೇಟಾದಲ್ಲಿ ವೇಗ ಎಷ್ಟು ತೋರಿಸುತ್ತದೆ ಅಂತ ಅವರು ನೋಡಲಿ. ಫೋನಿನಲ್ಲಿ ವೇಗ ಸರಿಯಾಗಿ ಬರುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಸೆನ್ಸರ್ ಮೇಲೆ ಅನುಮಾನ ಬೇಡ, ಮೀಟರ್ ಬೋರ್ಡ್ ಬಿಚ್ಚಿಸಿ. ಎರಡೂ ಕಡೆ ಸೊನ್ನೆಯಾದರೆ ಮುಂದಿನ ಹಂತಕ್ಕೆ ಬನ್ನಿ.

ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಬಿಸಿಲೇರಿದ ಮೇಲೆ ಕೈ ಕೊಡುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ವಯಸ್ಸಾದ ಸೆನ್ಸರುಗಳು ಹೀಗೆ ಮಾಡೋದುಂಟು. ಇಂಥದ್ದನ್ನು ತಣ್ಣಗಿದ್ದಾಗ ಪರೀಕ್ಷಿಸಿದರೆ ಪಾಸಾಗಿಬಿಡುತ್ತದೆ, ಬಿಸಿ ಇದ್ದಾಗಲೇ ಕೋಡು ಓದಿಸಿ.

ಹಂತ 2: ಮಲ್ಟಿಮೀಟರ್ ಪರೀಕ್ಷೆ

ಕಪ್ಲರಿನಲ್ಲಿ ಎಷ್ಟು ವೈರಿವೆ ಎಣಿಸಿ. ಮೂರಿದ್ದರೆ ಅದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದ ಬಲದ ಏರಿಳಿತ ಗುರುತಿಸುವ ಎಲೆಕ್ಟ್ರಾನಿಕ್ ಬಗೆ. ಒಂದರಲ್ಲಿ ಕರೆಂಟು ಬರುತ್ತದೆ, ಒಂದು ಅರ್ತ್, ಇನ್ನೊಂದು ಸಂಕೇತ ಕಳಿಸುವುದು. ಕಪ್ಲರ್ ಬಿಚ್ಚಿ, ಇಂಜಿನ್ ಚಾಲು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಕಾರಿನ ಕಡೆಯ ಪಿನ್ನುಗಳಲ್ಲಿ ಕರೆಂಟಿನದ್ದಕ್ಕೂ ಅರ್ತ್‌ಗೂ ನಡುವೆ ಅಳೆಯಿರಿ. ಕಾರಿಗೆ ತಕ್ಕಂತೆ ಸುಮಾರು 12 ವೋಲ್ಟ್ ಅಥವಾ 5 ವೋಲ್ಟ್ ಬರಬೇಕು. ಏನೂ ಬರದಿದ್ದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ, ವೈರಿನ ದಾರಿ ಹುಡುಕಿ.

ಕರೆಂಟು ಬರುತ್ತಿದೆ ಅಂದರೆ ಕಪ್ಲರ್ ಮತ್ತೆ ಹಾಕಿ. ಅದರ ಹಿಂಬದಿಯಿಂದ ಸಣ್ಣ ಗುಂಡುಪಿನ್ನು ತೂರಿಸಿ ಸಂಕೇತದ ವೈರನ್ನು ಮುಟ್ಟಿಸಿ. ಪಿನ್ನು ಪಕ್ಕದ ವೈರಿಗೆ ತಗುಲಬಾರದು. ಈಗ ಮುಂದಿನ ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರೆ ಮೀಟರಿನಲ್ಲಿ ವೋಲ್ಟು ಏರಿ ಇಳಿಯಬೇಕು. ಏರಿಳಿತವೇ ಇಲ್ಲ, ಒಂದೇ ಕಡೆ ನಿಂತಿದೆ ಅಂದರೆ ಬಹುಮಟ್ಟಿಗೆ ಸೆನ್ಸರ್ ಹೋಗಿದೆ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಮುಂದಿನ ಎರಡೂ ಚಕ್ರ ಎತ್ತಿ ಒಂದನ್ನು ತಿರುಗಿಸುತ್ತಾರೆ. ಆಗ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ, ಸೆನ್ಸರಿಗೆ ಎಣಿಸಲು ಏನೂ ಸಿಗುವುದಿಲ್ಲ. ಒಳ್ಳೆಯ ಸೆನ್ಸರನ್ನೇ ಸತ್ತಿದೆ ಅಂತ ತೀರ್ಮಾನಿಸಿಬಿಡುತ್ತೀರಿ. ಒಂದೇ ಚಕ್ರ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಗೇರ್ ಎನ್‌ನಲ್ಲಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿದ ಮೇಲೆಯೇ ಇದೆಲ್ಲ.

ಎರಡೇ ವೈರಿದ್ದರೆ ಅದು ಅಯಸ್ಕಾಂತ ಮತ್ತು ತಂತಿಸುರುಳಿಯ ಹಳೆಯ ಬಗೆ. ಅದಕ್ಕೆ ಹೊರಗಿನ ಕರೆಂಟು ಬೇಡ. ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನುಗಳ ನಡುವೆ ಓಮ್ ಅಳೆಯಿರಿ. ಕೊನೆಯಿಲ್ಲದಷ್ಟು ತೋರಿಸಿದರೆ ಒಳಗಿನ ತಂತಿ ಕಡಿದಿದೆ. ಸೊನ್ನೆ ತೋರಿಸಿದರೆ ಶಾರ್ಟ್ ಆಗಿದೆ. ನಡುವಿನ ಸಂಖ್ಯೆ ಬಂದರೆ ಸರ್ವಿಸ್ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ.

ಹಂತ 3: ಸರಿಯಾದ ಸೆನ್ಸರ್ ತರಿಸಿ

ಅಂಗಡಿಯಲ್ಲಿ "ಐ10 ಆಟೋಮ್ಯಾಟಿಕ್‌ದು ಕೊಡಿ" ಅಂದರೆ ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರ್ ಕೊಡಿ, ಅದರ ಮೇಲೆ ಪಾರ್ಟ್ ನಂಬರ್ ತೆಗೆಸಿ. ಮ್ಯಾನ್ಯುಯಲ್ ಗೇರಿನ ಕಾರಿನ ಸೆನ್ಸರ್ ನೋಡೋಕೆ ಒಂದೇ ಥರ ಇದ್ದು ಹಲ್ಲಿನ ಲೆಕ್ಕ ಬೇರೆ ಇರಬಹುದು. ಹಳೆಯ ಆಟೋಮ್ಯಾಟಿಕ್‌ಗಳ ಪಾರ್ಟು ದಾವಣಗೆರೆಯಲ್ಲಿ ಕೂಡಲೇ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬಹುದು. ಹಳೆಯ ಸೆನ್ಸರಿನ ಫೋಟೋವನ್ನು ಅದು ಕೂತಲ್ಲೇ ಆದಷ್ಟೂ ಕಡೆಯಿಂದ ತೆಗೆದು ಕಳಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಗುಜರಿ ಸೆನ್ಸರ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಅದೂ ನಿಮ್ಮದರಷ್ಟೇ ಬಿಸಿಲು ಕಂಡಿರುತ್ತದೆ.

ಹಂತ 4: ಕಾರು ಸಿದ್ಧ ಮಾಡಿ

ಹಿಂದಿನ ರಾತ್ರಿಯೇ ಕಾರು ನಿಲ್ಲಿಸಿ, ಬೆಳಿಗ್ಗೆ ಏಳಕ್ಕೆ ಕೈ ಹಾಕಿ. ಗೇರ್‌ಬಾಕ್ಸೂ ಸೈಲೆನ್ಸರ್ ಕೊಳವೆಯೂ ತಣ್ಣಗಿರುತ್ತವೆ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಸಿಮೆಂಟ್ ನೆಲದ ಮೇಲೆ ಮಲಗಿ ಮಾಡುವ ಕೆಲಸ ಇದಲ್ಲ.

ಸಮತಟ್ಟಾದ ಗಟ್ಟಿ ನೆಲ ಇರಲಿ. ಕಪ್ಪು ಮಣ್ಣಿನ ಮೇಲೆ ಜಾಕ್ ಕುಸಿಯುತ್ತದೆ. ಮುಂದಿನ ಚಕ್ರಗಳನ್ನು ಎತ್ತಿದ ಮೇಲೆ ಗೇರ್ ಪಿಯಲ್ಲಿದ್ದರೂ ಕಾರು ನಿಲ್ಲುವುದಿಲ್ಲ. ಪಿ ಬಿಗಿಹಿಡಿಯೋದು ಮುಂದಿನ ಚಕ್ರಗಳನ್ನು ಮಾತ್ರ, ಅವು ಗಾಳಿಯಲ್ಲಿವೆ. ಹ್ಯಾಂಡ್‌ಬ್ರೇಕ್ ಮತ್ತು ಕಲ್ಲು ಎರಡೂ ಇರಲೇಬೇಕು. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಒಂದು ನಿಮಿಷಕ್ಕೂ ಬೇಡ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಮುಂದೂಡಿ.

ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಸ್ಟೀರಿಯೋಗೆ ಕೋಡು ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 5: ಸೆನ್ಸರ್ ಹುಡುಕಿ, ಸುತ್ತ ಸ್ವಚ್ಛ ಮಾಡಿ

ಹೆಚ್ಚಿನ ಕಾರುಗಳಲ್ಲಿ ಅದು ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಅಥವಾ ಹಿಂಬದಿಯಲ್ಲಿ, ಚಾಲಕರ ಕಾಲಿನ ಮುಂದಿನ ತಗಡಿನ ಕಡೆಗೆ ಇರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಬಾನೆಟ್ ಕಡೆಯಿಂದಲೇ ಕೈ ಎಟಕಬಹುದು, ಆಗ ಕಾರು ಎತ್ತುವ ತಾಪತ್ರಯವೇ ಇಲ್ಲ. ಕೆಲವದರಲ್ಲಿ ಬ್ಯಾಟರಿ ತಟ್ಟೆಯನ್ನೂ ತೆಗೆಯಬೇಕಾಗುತ್ತದೆ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ.

ಗೇರ್ ಲಿವರಿನ ಕೇಬಲ್ ಬಂದು ಸೇರುವ ಚಪ್ಪಟೆ ಸ್ವಿಚ್ಚೊಂದು ಅಲ್ಲೇ ಇರುತ್ತದೆ. ಯಾವ ಗೇರಿನಲ್ಲಿದ್ದೀರಿ ಅಂತ ಹೇಳುವ ಇನ್‌ಹಿಬಿಟರ್ ಸ್ವಿಚ್ ಅದು. ಅದರ ಬೋಲ್ಟು ಸಡಿಲಿಸಿದರೆ ಹೊಂದಾಣಿಕೆ ತಪ್ಪಿ ಕಾರು ಸ್ಟಾರ್ಟೇ ಆಗದೆ ಹೋಗಬಹುದು. ಮುಟ್ಟಬೇಡಿ.

ಸ್ವಚ್ಛ ಮಾಡುವ ಕೆಲಸಕ್ಕೆ ಅವಸರ ಬೇಡ. ಸೆನ್ಸರ್ ತೆಗೆದ ತೂತು ನೇರವಾಗಿ ಗೇರ್‌ಬಾಕ್ಸಿನ ಹೊಟ್ಟೆಗೆ ತೆರೆದುಕೊಳ್ಳುತ್ತದೆ. ಹತ್ತು ವರ್ಷದ ಧೂಳು, ಎಣ್ಣೆಜಿಡ್ಡು ಸೇರಿ ಅಲ್ಲಿ ಹೆಪ್ಪುಗಟ್ಟಿರುತ್ತದೆ. ಅದು ಒಳಗೆ ಬಿದ್ದರೆ ಕೂದಲೆಳೆಯಷ್ಟು ಸಂದಿನ ಎಣ್ಣೆ ದಾರಿಗಳು ಕಟ್ಟಿಕೊಳ್ಳುತ್ತವೆ. ಆಗ "ಗೇರ್‌ಬಾಕ್ಸ್ ಇಳಿಸಬೇಕು" ಅನ್ನೋದು ನಿಜವೇ ಆಗಿಬಿಡುತ್ತದೆ. ಮೊದಲು ಬ್ರಷ್‌ನಿಂದ ಒಣ ಧೂಳು ತೆಗೆಯಿರಿ, ಆಮೇಲೆ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗೋದು ನಿಲ್ಲುವವರೆಗೆ.

ಹಂತ 6: ಬಿಚ್ಚಿ

ಕಪ್ಲರಿನ ಲಾಕನ್ನು ಒತ್ತಿ ಹಿಡಿದು, ಕಪ್ಲರಿನ ಮೈ ಹಿಡಿದು ಎಳೆಯಿರಿ. ವೈರು ಹಿಡಿದು ಜಗ್ಗಬೇಡಿ. ಹಳೆಯ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ.

ಸಾಮಾನ್ಯವಾಗಿ 10 ನಂಬರಿನ ಒಂದೇ ಬೋಲ್ಟು ಇರುತ್ತದೆ. ಬಿಗಿಯಿದ್ದರೆ ತುಕ್ಕಿನ ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಆಡಿಸುತ್ತಾ ತೆಗೆಯಿರಿ. ಬೋಲ್ಟು ಕೂತಿರುವುದು ಅಲ್ಯುಮಿನಿಯಮ್‌ನಲ್ಲಿ. ಆ ತೂತಿನೊಳಗಿನ ಥ್ರೆಡ್ ಕಿತ್ತುಬಂದರೆ ದೊಡ್ಡ ತಲೆನೋವು.

ಈಗ ಸೆನ್ಸರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ, ಮೇಲಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಲೆ ಕೈಗೆ ಬರುತ್ತದೆ, ಮೂಗು ಒಳಗೇ ಉಳಿಯುತ್ತದೆ. ಪಕ್ಕದಲ್ಲಿ ಕೂತಿರುವ ಸೆನ್ಸರಾದರೆ ಸ್ವಲ್ಪ ಎಣ್ಣೆ ಸುರಿಯಬಹುದು, ಕೆಳಗೆ ತಟ್ಟೆ ಇಡಿ. ತೂತಿಗೆ ನೂಲು ಬಿಡದ ಬಟ್ಟೆ ಮುಚ್ಚಿ.

ಹಳೆಯದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಯಸ್ಕಾಂತ ಇರುವುದರಿಂದ ಬೂದು ಬಣ್ಣದ ನುಣುಪಾದ ಪೇಸ್ಟ್ ಅಂಟಿರುತ್ತದೆ. ಅದು ಗೇರು ಸವೆದ ಪುಡಿ, ಹಳೆಯ ಗೇರ್‌ಬಾಕ್ಸಿನಲ್ಲಿ ಸಹಜ. ಪೇಸ್ಟ್ ದಪ್ಪಗೆ ಕೂತಿದ್ದರೆ ಅದರಿಂದಲೇ ಎಣಿಕೆ ತಪ್ಪಿರಬಹುದು, ಒರೆಸಿ ಮತ್ತೆ ಹಾಕಿ ನೋಡಲೂಬಹುದು. ಆದರೆ ಬೆರಳಿಗೆ ಚುಚ್ಚುವಂಥ ಲೋಹದ ಚೂರು ಕಂಡರೆ ಅಲ್ಲಿಗೇ ನಿಲ್ಲಿಸಿ. ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ, ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ. ಕೆಲವು ಹಳೆಯ ಸೆನ್ಸರುಗಳ ತುದಿಯಲ್ಲಿ ಪ್ಲಾಸ್ಟಿಕ್ ಗೇರ್ ಇರುತ್ತದೆ. ಅದರ ಹಲ್ಲು ಸವೆದಿದ್ದರೆ ಆ ಗೇರ್ ಬದಲಿಸಿದರೂ ಸಾಕಾಗಬಹುದು.

ಹಂತ 7: ಹೊಸದನ್ನು ಕೂರಿಸಿ

ಹೊಸದು, ಹಳೆಯದು ಎರಡನ್ನೂ ಅಕ್ಕಪಕ್ಕ ಇಡಿ. ಮೂಗಿನ ಉದ್ದ, ಪಿನ್ನುಗಳ ಸಂಖ್ಯೆ, ಬೋಲ್ಟಿನ ಕಿವಿ ಇರುವ ಕೋನ, ಎಲ್ಲ ಒಂದೇ ಇರಬೇಕು. ಮೂಗು ಉದ್ದ ಇದ್ದರೆ ಒಳಗಿನ ಚಕ್ರಕ್ಕೆ ಉಜ್ಜಿ ಚೂರಾಗುತ್ತದೆ.

ಹೊಸ ಓ-ರಿಂಗಿಗೆ ಎಟಿಎಫ್ ಸವರಿ. ಗ್ರೀಸ್ ಬೇಡ, ಅನಾಬಾಂಡ್‌ನಂಥ ಅಂಟೂ ಬೇಡ. "ಸೋರಬಾರದು ಅಂತ ಸ್ವಲ್ಪ ಹಚ್ಚಿದೆ" ಅನ್ನುವವರ ಗೇರ್‌ಬಾಕ್ಸಿನೊಳಗೆ ಆ ಅಂಟಿನ ತುಣುಕು ಈಜಾಡುತ್ತಿರುತ್ತದೆ.

ಕೈಯಿಂದಲೇ ಒತ್ತಿ ಪೂರ್ತಿ ಕೂರಿಸಿ. ಅರ್ಧ ಕೂತ ಸೆನ್ಸರನ್ನು ಬೋಲ್ಟ್ ಬಿಗಿಯುತ್ತಾ ಒಳಗೆಳೆಯಲು ಹೋದರೆ ಕಿವಿ ಮುರಿಯುತ್ತದೆ. ಬೋಲ್ಟನ್ನು ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಮಣಿಕಟ್ಟಿನ ಬಲದಷ್ಟು ಬಿಗಿ ಸಾಕು. ಟಾರ್ಕ್ ರೆಂಚ್ ಇದ್ದರೆ ಮ್ಯಾನ್ಯುಯಲ್ ನೋಡಿ, ಇಂಥ ಸಣ್ಣ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ಕಪ್ಲರ್ ಟಕ್ ಅಂತ ಕೂರಲಿ. ವೈರು ಸೈಲೆನ್ಸರ್ ಕೊಳವೆಗೆ ತಗುಲದಂತೆ ಕ್ಲಿಪ್ಪಿಗೆ ಸಿಕ್ಕಿಸಿ.

ಹಂತ 8: ಎಣ್ಣೆ ನೋಡಿ

ಬ್ಯಾಟರಿ ಜೋಡಿಸಿ, ಕಾರು ಇಳಿಸಿ, ಬಿಸಿಯಾಗುವವರೆಗೆ ಓಡಿಸಿ, ಡಿಪ್‌ಸ್ಟಿಕ್ ನೋಡಿ. ಇಲ್ಲೂ ಎಡವುವ ಜಾಗ ಒಂದಿದೆ. ಹಳೆಯ ಹುಂಡೈ, ಟೊಯೋಟಾಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೋಂಡಾದಲ್ಲಿ ಇಂಜಿನ್ ನಿಲ್ಲಿಸಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಕಮ್ಮಿಯಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ. ಜಾಸ್ತಿಯಾದರೂ ಕೆಡುಕೇ, ನೊರೆ ಏಳುತ್ತದೆ.

ಹಂತ 9: ಓಡಿಸಿ ನೋಡಿ

ಸ್ಕ್ಯಾನರಿನಲ್ಲಿ ಹಳೆಯ ಕೋಡು ಅಳಿಸಿ. ಬ್ಯಾಟರಿ ಬಿಚ್ಚಿಟ್ಟಿದ್ದರಿಂದ ಕೆಲವು ಹಳೆಯ ಕಾರುಗಳಲ್ಲಿ ತಾನಾಗಿಯೇ ಅಳಿದಿರುತ್ತದೆ. ಕಂಪ್ಯೂಟರು ಕಲಿತಿದ್ದನ್ನೆಲ್ಲ ಮರೆತಿರುವುದರಿಂದ ಮೊದಲು ಸ್ವಲ್ಪ ದೂರ ಗೇರ್ ಒರಟಾಗಿ ಬೀಳಬಹುದು. ಗಾಬರಿ ಬೇಡ.

ಊರೊಳಗೆ ಒಂದು ಸುತ್ತು ಹಾಕಿ, ಬಂದು ಸೋರುತ್ತಿದೆಯಾ ನೋಡಿ. ಆಮೇಲೆ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹೋಗಿ. ಹರಿಹರದ ಕಡೆಯಾದರೂ ಸರಿ, ಚಿತ್ರದುರ್ಗದ ಕಡೆಯಾದರೂ ಸರಿ. ಮುಳ್ಳು 60ರಲ್ಲಿ ನಿಲ್ಲಿಸಿ, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಅಂತ ಪಕ್ಕದವರು ಎಣಿಸಲಿ. 60 ಸೆಕೆಂಡಿಗೆ ಹತ್ತಿರ ಬರಬೇಕು. ಮೀಟರುಗಳು ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ, ಹಾಗಾಗಿ ಎರಡು ಮೂರು ಸೆಕೆಂಡು ಹೆಚ್ಚಾದರೆ ತೊಂದರೆಯಿಲ್ಲ. 45 ಅಥವಾ 80 ಬಂತು ಅಂದರೆ ಸೆನ್ಸರ್ ಕೆಲಸ ಮಾಡುತ್ತಿದೆ, ಆದರೆ ನಿಮ್ಮ ಕಾರಿನದ್ದಲ್ಲ.

ಮುಳ್ಳು ಎದ್ದಿದೆ, ಜರ್ಕ್ ಹೋಗಿಲ್ಲವೇ? ಕೋಡು ಮತ್ತೆ ಓದಿಸಿ. ಇನ್‌ಪುಟ್ ಸೆನ್ಸರಿನದ್ದು ಬಂದರೆ ಅದನ್ನು ಬಿಚ್ಚಿ ಹಾಕೋದಕ್ಕೂ ಇದೇ ಕ್ರಮ. ಯಾವ ಕೋಡೂ ಇಲ್ಲದೆ ಜರ್ಕ್ ಇದ್ದರೆ ಎಣ್ಣೆಯ ಬಣ್ಣ, ವಾಸನೆ ನೋಡಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳ ಕಡೆ ಗಮನ ಕೊಡಬೇಕು.

ಪಾರ್ಟು ಬರುವವರೆಗೆ

ಲಿಂಪ್ ಮೋಡ್‌ನಲ್ಲಿ ಮನೆಗೋ ಗ್ಯಾರೇಜಿಗೋ ಹೋಗಬಹುದು, ಮದುವೆಗೆ ಹುಬ್ಬಳ್ಳಿಗೆ ಹೋಗಿ ಬರೋಕಾಗದು. ಗೇರ್‌ಬಾಕ್ಸ್ ಎಣ್ಣೆ ಬೇಗ ಕಾಯುತ್ತದೆ. ದಾರಿಯಲ್ಲಿ ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ಓಡುವುದಿಲ್ಲ, ಚಕ್ರ ತಿರುಗಿದಷ್ಟೂ ಒಳಗೆ ಒಣಗಿ ಉಜ್ಜುತ್ತದೆ. ಕಾರನ್ನು ಪೂರ್ತಿ ಮೇಲೆ ಹೊರುವ ಗಾಡಿ ಕರೆಸಿ, ಇಲ್ಲವೇ ಮುಂದಿನ ಚಕ್ರಗಳನ್ನಾದರೂ ಎತ್ತಿಸಿ.

ಮುಳ್ಳು ಸತ್ತಿದ್ದಷ್ಟು ದಿನ ಎಷ್ಟೋ ಕಾರುಗಳಲ್ಲಿ ಕಿಲೋಮೀಟರೂ ಕೂಡುವುದಿಲ್ಲ. ಎಷ್ಟು ಓಡಿರಬಹುದು ಅಂತ ಅಂದಾಜು ಮಾಡಿ, ಸೆನ್ಸರ್ ಬದಲಿಸಿದ ತಾರೀಖಿನ ಜೊತೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಎಣ್ಣೆ ಬದಲಾವಣೆ ಆ ಲೆಕ್ಕದ ಮೇಲೆ ಮಾಡಿಸಿ, ಮೀಟರಿನ ಲೆಕ್ಕದ ಮೇಲಲ್ಲ.